ತಿಪ್ಪೆಗೂ ಸೇರದು, ಅಂಗಡಿಗೂ ಮರಳದು: ಅಕ್ಕಿ ಮುಡಿಯಿಂದ ಶಾಂಪೂ ಚೀಟಿಯವರೆಗೆ

ಮುಂಗಾರಿಗೆ ಮೊದಲು ತಿಪ್ಪೆ ಬಗೆದು ಗೊಬ್ಬರವನ್ನು ಹೊಲಕ್ಕೆ ಹೊಡೆಯುವ ಕೆಲಸ ನಿಮ್ಮೂರಲ್ಲೂ ನಡೆಯುತ್ತದೆ. ಮುಂದಿನ ಸಲ ಗೊಬ್ಬರ ಹರಡಿದ ಮೇಲೆ ಬದುವಿನ ಮೇಲೆ ನಿಂತು ಹೊಲವನ್ನೊಮ್ಮೆ ನೋಡಿ. ಮಣ್ಣಿನ ಮೇಲೆ ಅಲ್ಲಲ್ಲಿ ಏನೋ ಮಿನುಗುತ್ತದೆ. ಶಾಂಪೂ ಚೀಟಿ, ಪಾನ್ ಮಸಾಲ ಚೀಟಿ, ಬಿಸ್ಕತ್ತಿನ ಹೊದಿಕೆ, ಹಾಲಿನ ಕವರಿನಿಂದ ಕತ್ತರಿಸಿದ ಮೂಲೆ. ವರ್ಷವಿಡೀ ಸಗಣಿ, ಗಂಜಲ, ಬೂದಿಯ ನಡುವೆ ಬಿದ್ದಿದ್ದರೂ ಎಷ್ಟೋ ಚೀಟಿಗಳ ಮೇಲಿನ ಹೆಸರನ್ನು ಈಗಲೂ ಓದಬಹುದು.

ನಮ್ಮ ಅಜ್ಜಂದಿರ ತಿಪ್ಪೆ ಹೀಗಿರಲಿಲ್ಲ. ಹಾಗಂತ ಆಗ ಸಾಮಾನು ಕಟ್ಟುತ್ತಿರಲಿಲ್ಲವೇ? ಕಟ್ಟುತ್ತಿದ್ದರು. ಅಕ್ಕಿ ಹಡಗು ಹತ್ತಿ ಅರಬ್ಬಿ ಸಮುದ್ರ ದಾಟುತ್ತಿತ್ತು, ಬೆಲ್ಲ ಗಾಡಿ ಏರಿ ಸಂತೆಗೆ ಹೋಗುತ್ತಿತ್ತು, ಹೂವು ಬಾಡದೆ ಪೇಟೆ ಸೇರುತ್ತಿತ್ತು. ಹಾಗಾದರೆ ಆ ಕಟ್ಟುಗಳೆಲ್ಲ ಎಲ್ಲಿ ಹೋದವು? ಅವು ಹೋಗಿ ಇವು ಬಂದದ್ದು ಹೇಗೆ? ಈ ಕಥೆಯನ್ನು ಕರಾವಳಿಯ ಒಂದು ಹುಲ್ಲಿನ ಉಂಡೆಯಿಂದ ಶುರು ಮಾಡೋಣ.

ಹುಲ್ಲಿನ ಚೀಲ, ಅದೇ ಅಳತೆ

ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಅಕ್ಕಿ ಮುಡಿ ಗೊತ್ತು. ಬಯಲುಸೀಮೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಭತ್ತ ಬಡಿದ ಮೇಲೆ ಉಳಿದ ಉದ್ದನೆಯ ಬೈಹುಲ್ಲನ್ನು ಆರಿಸಿ, ಒಪ್ಪವಾಗಿ ಹರಡಿ, ಬಟ್ಟಲಿನ ಹಾಗೆ ಮಾಡಿಕೊಳ್ಳುತ್ತಾರೆ. ಅದರೊಳಗೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆ ಎಳೆದು ಸೇರಿಸುತ್ತಾರೆ. ಹುಲ್ಲಿನದೇ ಹಗ್ಗ ಹೊಸೆದು ಸುತ್ತಲೂ ಬಿಗಿಯುತ್ತಾರೆ. ಮರದ ಕೊಡತಿಯಿಂದ ಬಡಿದು ಗುಂಡಗೆ, ಗಟ್ಟಿಯಾಗಿ ಮಾಡುತ್ತಾರೆ. ಚೆನ್ನಾಗಿ ಕಟ್ಟಿದ ಮುಡಿಯಿಂದ ಒಂದು ಕಾಳೂ ಉದುರುವುದಿಲ್ಲ. ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಅಕ್ಕಿ ಹುಳ ಹಿಡಿಯದೆ ಮುಂದಿನ ಬೆಳೆಯವರೆಗೆ ಬಾಳುತ್ತದೆ. ಬಿತ್ತನೆಯ ಭತ್ತವನ್ನೂ ಹೀಗೆಯೇ ಮುಡಿ ಕಟ್ಟಿ ಇಡುತ್ತಿದ್ದರು.

ಮುಡಿ ಬರೀ ಚೀಲವಲ್ಲ, ಅಳತೆಯೂ ಹೌದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು, ಈಗಿನ ಲೆಕ್ಕದಲ್ಲಿ 40 ಕಿಲೋ ಆಸುಪಾಸು. ಒಬ್ಬ ಆಳು ತಲೆಯ ಮೇಲೆ ಹೊತ್ತು ನಡೆಯಬಲ್ಲ ಭಾರ. 'ಎಷ್ಟು ಮುಡಿ ಗದ್ದೆ?' ಎಂದು ಕೇಳಿದರೆ ಗದ್ದೆಯ ಗಾತ್ರವೂ ತಿಳಿಯುತ್ತಿತ್ತು. ಗೇಣಿಯೂ ಮುಡಿಯ ಲೆಕ್ಕದಲ್ಲೇ ಇತ್ತು, ಕೂಲಿ, ದೇವಸ್ಥಾನದ ಉಂಬಳಿ, ಸಾಲವೂ ಅಷ್ಟೇ.

ಇದು ಇಂದು ನಿನ್ನೆಯ ಪದ್ಧತಿಯಲ್ಲ. 16ನೇ ಶತಮಾನದಲ್ಲಿ ಬಸ್ರೂರು, ಬಾರ್ಕೂರು, ಮಂಗಳೂರಿನ ಬಂದರುಗಳಿಂದ ಅಕ್ಕಿ ಮಲಬಾರಿಗೆ, ಗೋವಾಕ್ಕೆ, ದೂರದ ಹೊರ್ಮುಜ್‌ಗೆ ಹೋಗುತ್ತಿತ್ತು. ಪೋರ್ಚುಗೀಸರು ಈ ಕರಾವಳಿಯ ಅರಸರಿಂದ ಕಪ್ಪವಾಗಿ ಅಕ್ಕಿಯನ್ನೇ ಕೇಳುತ್ತಿದ್ದರು. ಟಿಪ್ಪು ಸುಲ್ತಾನ್ ಮಡಿದ ಮೇಲೆ, 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಕರಾವಳಿ ಸುತ್ತಿದ ಫ್ರಾನ್ಸಿಸ್ ಬುಕಾನನ್, ಅಕ್ಕಿಯ ಲೆಕ್ಕವನ್ನು ಜನ ಹೇಳಿದ ಮುಡಿಯ ಅಳತೆಯಲ್ಲೇ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಬಯಲುಸೀಮೆಯಲ್ಲಿ ಮುಡಿ ಇರಲಿಲ್ಲ, ಬೇರೆ ಉಪಾಯಗಳಿದ್ದವು. ರಾಗಿ, ಜೋಳಕ್ಕೆ ನೆಲದೊಳಗಿನ ಹಗೇವು, ಮನೆಯೊಳಗೆ ಮಣ್ಣಿನ ವಾಡೆ, ಬಿದಿರಿನ ಕಣಜ. ಎತ್ತಿನ ಬೆನ್ನ ಮೇಲೆ ಹೇರಲು ಗೋಣಿ. ಮಾಂಸ, ಹೂವು, ಬೆಣ್ಣೆ ಕಟ್ಟಲು ಮುತ್ತುಗದ ಎಲೆ, ಬಾಳೆ ಎಲೆ. ಮಳೆಗೆ ತಲೆಯ ಮೇಲೆ ಗೊರಬು, ಅಡಿಕೆ ನಾಡಿನಲ್ಲಿ ತಲೆಗೆ ಹಾಳೆಯ ಟೋಪಿ. ಎಲ್ಲಕ್ಕೂ ಸಮಾನವಾದದ್ದು ಒಂದೇ. ಕಟ್ಟುವ ವಸ್ತು ಅದೇ ಊರಿನ ಮಣ್ಣಿನಲ್ಲಿ ಹುಟ್ಟುತ್ತಿತ್ತು, ಕೆಲಸ ಮುಗಿದ ಮೇಲೆ ಅದೇ ಮಣ್ಣಿಗೆ ಹೋಗುತ್ತಿತ್ತು. ಮುಡಿ ಬಿಚ್ಚಿದರೆ ಹುಲ್ಲು ದನದ ಮುಂದೆ, ದನ ಬಿಟ್ಟದ್ದು ಹಟ್ಟಿಯ ಗೊಬ್ಬರಕ್ಕೆ, ಗೊಬ್ಬರ ಮತ್ತೆ ಗದ್ದೆಗೆ.

ಮುಡಿ ಕಟ್ಟಿದವರು ಉಂಡದ್ದು ಗಂಜಿ

ಇಲ್ಲಿಗೇ ನಿಲ್ಲಿಸಿ 'ಹಳೆಯದೆಲ್ಲ ಚಿನ್ನ' ಎಂದು ಬರೆದರೆ ಅದು ಸುಳ್ಳು ಇತಿಹಾಸವಾಗುತ್ತದೆ.

ಮುಡಿ ಕಟ್ಟಿದವರಲ್ಲಿ ಎಷ್ಟೋ ಮಂದಿಗೆ ಆ ಅಕ್ಕಿ ಸಿಗುತ್ತಿರಲಿಲ್ಲ. ಚಾಲಗೇಣಿ ಒಕ್ಕಲು ಬೆಳೆದು, ಕುಟ್ಟಿ, ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ ಧಣಿಯ ಮನೆಯ ಅಂಗಳದಲ್ಲಿ ಇಳಿಸಬೇಕಿತ್ತು. ಮುಡಿ ಕಡಿಮೆಯಾದರೆ ಗದ್ದೆ ಕೈ ತಪ್ಪುವ ಭಯ. ಮಳೆಗಾಲದಲ್ಲಿ ತಮ್ಮ ಮನೆಯ ಗಂಜಿಗೆ ಅದೇ ಧಣಿಯ ಬಳಿ ಅಕ್ಕಿ ಸಾಲ ಕೇಳಬೇಕಿತ್ತು. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಂದು ಗೇಣಿ ಪದ್ಧತಿ ರದ್ದಾದಾಗ, ಎಷ್ಟೋ ಮನೆಗಳಲ್ಲಿ ಮುಡಿ ಕಟ್ಟುವ ಕೆಲಸವೂ ನಿಂತಿತು. ಅದರ ಬಗ್ಗೆ ಯಾರಿಗೂ ದುಃಖವಾಗಬೇಕಾಗಿಲ್ಲ.

ಮುಡಿ ಮರೆಯಾಗಲು ಇನ್ನೂ ಕಾರಣಗಳಿವೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದ ಮೇಲೆ ವ್ಯಾಪಾರ ಕಿಲೋ ಲೆಕ್ಕಕ್ಕೆ ತಿರುಗಿತು. ಅಳತೆಯಾಗಿ ಮುಡಿಗೆ ಬೆಲೆ ಹೋಯಿತು. 1966ರಲ್ಲಿ ಫಿಲಿಪ್ಪೀನ್ಸಿನಲ್ಲಿ ಬಿಡುಗಡೆಯಾದ ಐ.ಆರ್.8, ಅದರ ಹಿಂದೆಯೇ ಬಂದ ನಮ್ಮ ಜಯದಂಥ ಗಿಡ್ಡ ತಳಿಗಳು ಹೆಚ್ಚು ಭತ್ತ ಕೊಟ್ಟವು, ಆದರೆ ಹುಲ್ಲು ಗಿಡ್ಡವಾಯಿತು. ಮುಡಿ ಕಟ್ಟಲು ಉದ್ದನೆಯ ಹುಲ್ಲೇ ಬೇಕು. ಆಮೇಲೆ ಬಂದ ಕಟಾವು ಯಂತ್ರ ಹುಲ್ಲನ್ನು ಮುರಿದು, ಜಜ್ಜಿ ಹಾಕಿತು. ಕಟ್ಟಬಲ್ಲ ಕೈಗಳು ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದವು.

ಇದರಲ್ಲಿ ಒಂದು ಪಾಠ ಇದೆ. ಯಾವ ಚೀಲವೂ ಒಂಟಿಯಾಗಿ ಬದುಕುವುದಿಲ್ಲ. ಅದರ ಹಿಂದೆ ಒಂದು ಬೆಳೆ, ಒಂದು ಅಳತೆ, ಒಂದು ದುಡಿಮೆ, ಒಂದು ಕಾನೂನು ಇರುತ್ತದೆ. ಅವು ಬದಲಾದಾಗ ಚೀಲ ಬದಲಾಗುತ್ತದೆ. 'ಮುಡಿಗೆ ಮರಳೋಣ' ಎಂದು ಭಾಷಣ ಮಾಡಿದರೆ ಮುಡಿ ಬರುವುದಿಲ್ಲ.

ಗೋಣಿ ಹೇಗೆ ಉಳಿಯಿತು?

ಗೋಣಿಚೀಲದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 'ಗೋಣಿ' ನಮ್ಮದೇ ಹಳೆಯ ಪದ. ಇಂಗ್ಲಿಷಿನವರ 'ಗನ್ನಿ' ಕೂಡ ಇದೇ ಮೂಲದ್ದು. ಮೊದಲು ಹೊಲದಲ್ಲಿ ಬೆಳೆದ ಅಪ್ಸೆಣಬಿನ ನಾರಿನಿಂದ ಕೈಮಗ್ಗದಲ್ಲಿ ಗೋಣಿ ನೇಯುತ್ತಿದ್ದರು. ಅದನ್ನೇ ಕಸುಬು ಮಾಡಿಕೊಂಡ ಸಮುದಾಯಗಳು ನಮ್ಮ ನಾಡಿನಲ್ಲಿದ್ದವು.

1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದವರು ಬಂಗಾಳದ ಸೆಣಬಿಗೆ ತಿಮಿಂಗಿಲದ ಎಣ್ಣೆ ಹಚ್ಚಿ ಮೆತ್ತಗೆ ಮಾಡಿ ಯಂತ್ರದಲ್ಲಿ ನೂಲುವುದನ್ನು ಕಲಿತರು. 1855ರಲ್ಲಿ ಕೋಲ್ಕತ್ತದ ಹತ್ತಿರದ ರಿಶ್ರಾದಲ್ಲಿ ಭಾರತದ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಅಲ್ಲಿಂದ ಮುಂದೆ ಜಗತ್ತಿನ ಧಾನ್ಯ, ಕಾಫಿ, ಹತ್ತಿ, ಸಕ್ಕರೆಯೆಲ್ಲ ಬಂಗಾಳದ ಚೀಲದಲ್ಲಿ ಓಡಾಡಿತು. ನಮ್ಮ ಕೈಮಗ್ಗದ ಗೋಣಿ ಯಂತ್ರದ ಗೋಣಿಯ ಎದುರು ಸೋತಿತು.

ಮುಂದೆ ಪ್ಲಾಸ್ಟಿಕ್ ಚೀಲ ಬಂದಾಗ ಗಿರಣಿ ಗೋಣಿಯೂ ಸೋಲುವ ಹಂತಕ್ಕೆ ಬಂತು. ರಸಗೊಬ್ಬರ, ಸಿಮೆಂಟು ಪ್ಲಾಸ್ಟಿಕ್ ಚೀಲಕ್ಕೆ ಹೋದವು. ಆಗ 1987ರಲ್ಲಿ ಕೇಂದ್ರ ಸರ್ಕಾರ ಸೆಣಬಿನ ಚೀಲಗಳ ಕಡ್ಡಾಯ ಬಳಕೆಗೆ ಕಾಯ್ದೆ ತಂದಿತು. ಅದರಡಿ ಈಗಲೂ ಆಹಾರ ಧಾನ್ಯವನ್ನು ಸೆಣಬಿನ ಚೀಲದಲ್ಲೇ ತುಂಬಬೇಕು, ಸಕ್ಕರೆಯಲ್ಲಿ ಶೇ. 20ರಷ್ಟನ್ನು ತುಂಬಬೇಕು ಎಂಬ ನಿಯಮವಿದೆ. ನ್ಯಾಯಬೆಲೆ ಅಂಗಡಿಗೆ ಅಕ್ಕಿ ಗೋಣಿಯಲ್ಲಿ ಬರುವುದಕ್ಕೆ ಕಾರಣ ಇದು. ಈ ಚೀಲ ಉಳಿದದ್ದು ಯಾರದೋ ಪ್ರೀತಿಯಿಂದ ಅಲ್ಲ, ಕಾನೂನಿನ ಬಲದಿಂದ ಮತ್ತು ಲಕ್ಷಾಂತರ ಸೆಣಬು ಬೆಳೆಗಾರರ, ಕಾರ್ಮಿಕರ ಒತ್ತಾಯದಿಂದ.

ಅಂಗಡಿಗೆ ಮರಳುತ್ತಿದ್ದ ಬಾಟಲಿ

ಮುಡಿ, ಎಲೆ, ಗೋಣಿ ಮಣ್ಣಿಗೆ ಹೋಗುವ ಜಾತಿಯವು. ಇನ್ನೊಂದು ಜಾತಿ ಇತ್ತು, ಅದು ಅಂಗಡಿಗೆ ಮರಳುವಂಥದ್ದು.

ಗೋಲಿ ಸೋಡಾ ನೆನಪಿದೆಯೇ? ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಸೋಡಾದ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ, ಮುಚ್ಚಳ ಬೇಕಿಲ್ಲ. ನಮ್ಮ ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಅದು ತಲೆಮಾರುಗಟ್ಟಲೆ ಓಡಿತು. ಕುಡಿದವರು ಅಲ್ಲೇ ನಿಂತು ಕುಡಿದು ಬಾಟಲಿ ವಾಪಸ್ ಕೊಡಬೇಕು. ಮನೆಗೆ ಒಯ್ಯಬೇಕಾದರೆ ಠೇವಣಿ ಇಡಬೇಕು. ಕಾರಣ ಸರಳ. ಒಳಗಿನ ಸೋಡಾಕ್ಕಿಂತ ಹೊರಗಿನ ಬಾಟಲಿಗೇ ಬೆಲೆ ಹೆಚ್ಚು. ಬೆಲೆ ಇರುವ ವಸ್ತುವನ್ನು ಯಾರೂ ಬೀದಿಗೆ ಎಸೆಯುವುದಿಲ್ಲ.

ಎಣ್ಣೆಗೂ ಹಾಗೆಯೇ. ಕುತ್ತಿಗೆಗೆ ಹುರಿ ಕಟ್ಟಿದ ಬಾಟಲಿಯನ್ನು ಮನೆಯಿಂದ ಒಯ್ದು, ಗಾಣದ ಎಣ್ಣೆ ಅಳೆಸಿಕೊಂಡು ಬರುತ್ತಿದ್ದೆವು. ಆದರೆ ಇಲ್ಲೂ ಒಂದು ಕಹಿ ಅಧ್ಯಾಯ ಇದೆ. 1998ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಆರ್ಜಿಮೋನ್ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಹಲವರು ಸತ್ತರು, ಬಹಳ ಜನ ಆಸ್ಪತ್ರೆ ಸೇರಿದರು. ಅದರ ಮರುತಿಂಗಳೇ ಅಡುಗೆ ಎಣ್ಣೆಯನ್ನು ಪ್ಯಾಕ್ ಮಾಡಿಯೇ ಮಾರಬೇಕು ಎಂಬ ಆದೇಶ ಬಂತು. ಪ್ಯಾಕೆಟ್ ನಮ್ಮ ಮನೆಗೆ ಬರೀ ಆಸೆಯಿಂದ ಬರಲಿಲ್ಲ. ಕಲಬೆರಕೆಯ ಭಯದಿಂದಲೂ ಬಂತು. ಬಿಡಿ ಸಾಮಾನಿಗೆ ಮರಳಬೇಕು ಎನ್ನುವವರು 'ಅದು ಶುದ್ಧ ಎಂದು ಹೇಗೆ ನಂಬುವುದು?' ಎಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು.

ಮರ ಉಳಿಸಲು ಬಂದ ಕವರ್

ಈಗ ಪ್ಲಾಸ್ಟಿಕ್ಕಿಗೆ ಬರೋಣ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿ ಐ.ಸಿ.ಐ. ಕಂಪನಿಯ ಇಬ್ಬರು ವಿಜ್ಞಾನಿಗಳು, ಫಾಸೆಟ್ ಮತ್ತು ಗಿಬ್ಸನ್, ಬೇರೇನೋ ಪ್ರಯೋಗ ಮಾಡುವಾಗ ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಅದೇ ಪಾಲಿಥೀನ್. ಎರಡನೇ ಮಹಾಯುದ್ಧದಲ್ಲಿ ಅದು ರಾಡಾರ್ ತಂತಿಗಳ ಹೊದಿಕೆಯಾಯಿತು. ಯುದ್ಧ ಮುಗಿದ ಮೇಲೆ ಮನೆಬಳಕೆಗೆ ಬಂತು.

ಕೈಚೀಲದ ಆಕಾರದ ಪ್ಲಾಸ್ಟಿಕ್ ಕವರನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥೂಲಿನ್. ಅವರ ಕಂಪನಿಗೆ 1965ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ಮಗ ಮುಂದೆ ಹೇಳಿದ ಪ್ರಕಾರ, ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ ಎಂಬುದು ತಂದೆಯ ಆಸೆಯಾಗಿತ್ತು. ಜನ ಒಂದೇ ಕವರನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಾರೆ ಎಂದು ಅವರು ನಂಬಿದ್ದರು. ತಾವೂ ಹಾಗೇ ಮಾಡುತ್ತಿದ್ದರಂತೆ.

ಅಂದರೆ ಇಂದಿನ ಸಮಸ್ಯೆ ಒಂದು ಕಾಲದಲ್ಲಿ ಪರಿಹಾರವಾಗಿಯೇ ಬಂದಿತ್ತು. ನಮ್ಮ ಹಳ್ಳಿಗಳಲ್ಲಿ ಯೂರಿಯಾ ಚೀಲವನ್ನು ನೋಡಿ. ಅದು ಮಳೆಗೆ ಕೊಪ್ಪೆಯಾಗುತ್ತದೆ, ಮೇವಿನ ಹೊರೆಯಾಗುತ್ತದೆ, ಬಾಗಿಲಿನ ಪರದೆಯಾಗುತ್ತದೆ, ಕೊನೆಗೆ ಕಾಲೊರಸು ಆಗುತ್ತದೆ. ಪ್ಲಾಸ್ಟಿಕ್ಕನ್ನು ಹೇಗೆ ಬಳಸಬೇಕು ಎಂದು ನಮ್ಮವರಿಗೆ ಗೊತ್ತಿಲ್ಲ ಎನ್ನುವವರು ಆ ಚೀಲವನ್ನೊಮ್ಮೆ ನೋಡಬೇಕು. ಬಾಳಿಕೆ ಬರುವ ಚೀಲ ಕೊಟ್ಟರೆ ಬಾಳಿಸುತ್ತಾರೆ. ಒಂದು ನಿಮಿಷಕ್ಕಾಗಿ ಮಾಡಿದ ಚೀಟಿ ಕೊಟ್ಟರೆ ಎಸೆಯದೆ ಇನ್ನೇನು ಮಾಡಲು ಸಾಧ್ಯ?

ಚೀಟಿ ಬಂದ ದಾರಿ

ಆ ಚೀಟಿ ಬಂದದ್ದು ಪಕ್ಕದ ತಮಿಳುನಾಡಿನ ಕಡಲೂರಿನಿಂದ. ಅಲ್ಲಿನ ಚಿನ್ನಿ ಕೃಷ್ಣನ್ 1970ರ ದಶಕದಲ್ಲಿ ಶಾಂಪೂವನ್ನು ಚಿಕ್ಕ ಪ್ಲಾಸ್ಟಿಕ್ ಚೀಟಿಗೆ ತುಂಬಿದರು. ದೊಡ್ಡ ಬಾಟಲಿ ಕೊಳ್ಳಲಾಗದ ಕೂಲಿಯವರೂ, ರಿಕ್ಷಾದವರೂ ಬಳಸುವಂತಾಗಲಿ ಎಂಬ ಯೋಚನೆ. 1983ರಲ್ಲಿ ಅವರ ಮಗ ರಂಗನಾಥನ್ 'ಚಿಕ್' ಶಾಂಪೂ ತಂದರು. ದೊಡ್ಡ ಕಂಪನಿಗಳು ಹಿಂದೆಯೇ ಬಂದವು. ಎಣ್ಣೆ, ಸೋಪಿನ ಪುಡಿ, ಉಪ್ಪಿನಕಾಯಿ, ಕಾಫಿಪುಡಿ ಎಲ್ಲವೂ ಚೀಟಿಯಾದವು.

ಇದರಲ್ಲಿ ಒಂದು ಘನತೆಯೂ ಇತ್ತು. ಪೇಟೆಯ ಶ್ರೀಮಂತರ ಮನೆಯ ಶಾಂಪೂ ಹಳ್ಳಿಯ ಹುಡುಗಿಯ ಕೈಗೆ ಒಂದು ರೂಪಾಯಿಗೆ ಬಂತು. ಅದನ್ನು ತಪ್ಪೆನ್ನಲಾಗದು. ಆದರೆ ಚೀಟಿಯ ರಚನೆ ನೋಡಿ. ಪ್ಲಾಸ್ಟಿಕ್ ಪದರದ ಮೇಲೆ ಇನ್ನೊಂದು ಪ್ಲಾಸ್ಟಿಕ್, ಎಷ್ಟೋ ಸಲ ನಡುವೆ ಅಲ್ಯುಮಿನಿಯಂ. ಎಲ್ಲವನ್ನೂ ಅಂಟಿಸಿದ್ದಾರೆ. ಬಿಡಿಸಲು ಬರುವುದಿಲ್ಲ. ಅದಕ್ಕೇ ಗುಜರಿಯವರು ಹಾಲಿನ ಕವರ್ ಕೊಳ್ಳುತ್ತಾರೆ, ನೀರಿನ ಬಾಟಲಿ ಕೊಳ್ಳುತ್ತಾರೆ, ಚೀಟಿಯನ್ನು ಮುಟ್ಟುವುದಿಲ್ಲ. ಅದು ತಿಪ್ಪೆಯಲ್ಲಿ ಕರಗದು, ಅಂಗಡಿಗೆ ಮರಳದು, ಗುಜರಿಗೂ ಬೇಡ.

ಉಳಿದದ್ದು ಒಂದೇ ದಾರಿ, ಬಚ್ಚಲ ಒಲೆ. ಬೆಳಿಗ್ಗೆ ನೀರು ಕಾಯಿಸುವಾಗ ನಮ್ಮ ತಾಯಂದಿರು ಅದನ್ನು ಒಲೆಗೆ ಹಾಕುತ್ತಾರೆ. ಅದರ ವಿಷದ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕೂತವರ ಎದೆಯನ್ನು. ಬೂದಿ ಸೇರುವುದು ಮತ್ತೆ ತಿಪ್ಪೆಯನ್ನೇ.

ಕಾನೂನು ಹಳ್ಳಿಗೆ ತಡವಾಗಿ ಬಂತು

ಪ್ಲಾಸ್ಟಿಕ್ ಕವರಿನ ದಪ್ಪದ ಬಗ್ಗೆ ದೇಶದಲ್ಲಿ ಮೊದಲ ನಿಯಮ ಬಂದದ್ದು 1999ರಲ್ಲಿ, ಆಗ 20 ಮೈಕ್ರಾನ್. 2011ರಲ್ಲಿ 40, 2016ರಲ್ಲಿ 50 ಆಯಿತು. 2021ರ ಸೆಪ್ಟೆಂಬರ್‌ನಲ್ಲಿ 75, 2022ರ ಕೊನೆಯಿಂದ 120. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ನಿಯಮಗಳು ಮೊದಲು ಹೊಣೆ ಹೊರಿಸಿದ್ದು ನಗರಸಭೆ, ಪಾಲಿಕೆಗಳ ಮೇಲೆ. ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಪ್ಲಾಸ್ಟಿಕ್ ಕಸ ಬಂದದ್ದು 2016ರ ನಿಯಮಗಳಿಂದ. ಚೀಟಿಗಳು ಹಳ್ಳಿಗೆ ಬಂದು ಮೂವತ್ತು ವರ್ಷವಾದ ಮೇಲೆ ಕಸದ ಗಾಡಿಯ ಮಾತು ಬಂತು!

ಅದೇ 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕವರ್, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು ನಿಷೇಧವಾದವು. ಆದರೆ ಆ ಪಟ್ಟಿಯಲ್ಲಿ ಶಾಂಪೂ ಚೀಟಿ ಇಲ್ಲ. ಗುಟ್ಕಾ, ತಂಬಾಕು, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದು ಎಂಬ ನಿಯಮ ಮಾತ್ರ ಇದೆ. ಅದು ಎಷ್ಟು ನಡೆಯುತ್ತಿದೆ ಎಂದು ನಿಮ್ಮೂರಿನ ಬಸ್ ನಿಲ್ದಾಣದ ಗೂಡಂಗಡಿಯ ಮುಂದೆ ನಿಂತರೆ ಗೊತ್ತಾಗುತ್ತದೆ.

ನಿಯಮದಲ್ಲಿ ಇನ್ನೊಂದು ಮಾತಿದೆ. ಪ್ಲಾಸ್ಟಿಕ್‌ನಲ್ಲಿ ಸಾಮಾನು ತುಂಬಿ ಮಾರುವ ಕಂಪನಿಯೇ ಅದನ್ನು ಸಂಗ್ರಹಿಸುವ ಹೊಣೆ ಹೊರಬೇಕು. ಆದರೆ ನಮ್ಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳಲ್ಲಿ ಕೂತು ಕಸ ಬೇರ್ಪಡಿಸುತ್ತಿರುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೆಡೆ ವಿಂಗಡಿಸುವ ದೊಡ್ಡ ಘಟಕವಿದೆ, ಒಳ್ಳೆಯ ಕೆಲಸ. ಆದರೂ ಪ್ರಶ್ನೆ ಉಳಿಯುತ್ತದೆ. ಲಾಭ ಒಯ್ದವರು ಯಾರು, ಕಸ ಆಯುವವರು ಯಾರು?

ಇತಿಹಾಸ ಕಲಿಸುವ ಎರಡು ದಾರಿ

ಮುಡಿಯ ದಾರಿ ಒಂದು, ಗೋಲಿ ಸೋಡಾದ ದಾರಿ ಇನ್ನೊಂದು. ಕಟ್ಟು ಮಣ್ಣಿಗೆ ಹೋಗಬೇಕು, ಇಲ್ಲವೇ ಬಂದ ಕಡೆಗೆ ಮರಳಬೇಕು. ಎರಡೂ ಇಂದಿಗೂ ಸತ್ತಿಲ್ಲ.

ಉಡುಪಿಯ ಶಂಕರಪುರ ಮಲ್ಲಿಗೆಯನ್ನು ನೋಡಿ. ಇವತ್ತಿಗೂ ಬಾಳೆಯ ನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಡಿಯ ಹಾಗೆ ಇಲ್ಲೂ ಕಟ್ಟೇ ಅಳತೆ. ಆ ಮಲ್ಲಿಗೆ ಮುಂಬೈಗೂ ಹೋಗುತ್ತದೆ. ಬಾಳೆಲೆ ಅದಕ್ಕೆ ಅಡ್ಡಿಯಾಗಿಲ್ಲ.

ಮರಳಿಸುವ ದಾರಿಗೆ ನೀಲಗಿರಿಯನ್ನು ನೋಡಿ. ಕಾಡಿನಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆಗಳ ಕಾಲು ಸೀಳುತ್ತಿದ್ದವು. ಮದ್ರಾಸ್ ಹೈಕೋರ್ಟ್ ಚುರುಕು ಮುಟ್ಟಿಸಿದ ಮೇಲೆ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ವಾಪಸ್ ಕೊಡತೊಡಗಿದವು. ಬಾಟಲಿಗಳಲ್ಲಿ ಬಹುಪಾಲು ಮರಳಿ ಬಂದವು. ಕುಡಿದವರಿಗೆ ಯಾರೂ ನೀತಿಪಾಠ ಹೇಳಲಿಲ್ಲ. ಬಾಟಲಿಗೆ ಬೆಲೆ ಕಟ್ಟಿದರು, ಅಷ್ಟೇ. ಗೋಲಿ ಸೋಡಾ ಅಂಗಡಿಯವರಿಗೆ ಮೊದಲೇ ಗೊತ್ತಿದ್ದ ಲೆಕ್ಕ ಇದು.

ನಮ್ಮ ಕೈಯಲ್ಲಿ ಆಗುವುದು ಏನು? ಮದುವೆ, ಜಾತ್ರೆ, ತಿಥಿ ಊಟಕ್ಕೆ ಮುತ್ತುಗದ ಎಲೆ, ಬಾಳೆ ಎಲೆ, ಸ್ಟೀಲ್ ಲೋಟ ಬಳಸಬಹುದು. ಊರಿನ ಸಂಘ ಒಂದು ಸಲ ಲೋಟ ತಟ್ಟೆ ಕೊಂಡರೆ ಹತ್ತು ವರ್ಷ ಬಾಡಿಗೆಗೆ ಕೊಡಬಹುದು. ಸಂತೆಗೆ ಬಟ್ಟೆ ಚೀಲ ಒಯ್ಯಬಹುದು. ಇವೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಇಷ್ಟರಿಂದ ಚೀಟಿ ನಿಲ್ಲುವುದಿಲ್ಲ. ಗೋಣಿಯನ್ನು ಉಳಿಸಿದ್ದು ಕಾನೂನು, ಗೇಣಿಯನ್ನು ಮುಗಿಸಿದ್ದು ಒಕ್ಕಲಿನವರ ಹೋರಾಟ ಮತ್ತು ಕಾನೂನು. ಚೀಟಿಯನ್ನು ನಿಲ್ಲಿಸುವುದೂ ಅದೇ ದಾರಿಯಲ್ಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಪಂಚಾಯಿತಿಯಲ್ಲಿ ಆಯ್ದ ಚೀಟಿಗಳಿಗೆ ಕಂಪನಿಗಳಿಂದ ಹಣ ಬರುತ್ತಿದೆಯೇ? ಬರದಿದ್ದರೆ ಯಾಕೆ? ಆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.

ಅಂಗಡಿಯಲ್ಲಿ ಏನಾದರೂ ಕೊಳ್ಳುವಾಗ ನಮ್ಮ ಹಿರಿಯರು ಎರಡು ಪ್ರಶ್ನೆ ಕೇಳಿಕೊಳ್ಳಬೇಕಾಗಿರಲಿಲ್ಲ, ನಾವು ಕೇಳಿಕೊಳ್ಳಬೇಕಾಗಿದೆ. ಇದರ ಹೊದಿಕೆ ನನ್ನ ತಿಪ್ಪೆಯಲ್ಲಿ ಗೊಬ್ಬರವಾಗುತ್ತದೆಯೇ? ಇಲ್ಲವಾದರೆ ಇದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆಯೇ? ಎರಡಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ, ಅದು ನಾಳೆ ನಿಮ್ಮದೇ ಹೊಲದಲ್ಲಿ ಮಿನುಗುತ್ತದೆ.